ಬ್ಯಾರೋಮೀಟರಿನ ಕಥೆಗೆ ಒಡೆಯನಾರು?

ಅಂತರ್ಜಾಲದಲ್ಲಿ ಕೈಯಿಂದ ಕೈಗೆ ದಾಟುವ ನಗೆಗತೆಗಳಿಗೆ ಸಾಮಾನ್ಯವಾಗಿ ಕರ್ತೃವಿನ ಹೆಸರಿರುವುದಿಲ್ಲ. ಇದ್ದರೂ ಅದು ಬಹುಮಟ್ಟಿಗೆ ಬೇರೊಬ್ಬರ ಹೆಸರಾಗಿರುತ್ತದೆ. ‘ಕಥೆ ಚೆನ್ನಾಗಿದ್ದರೆ ಸಾಕು, ಬರೆದವನು ಯಾರಾದರೇನು?’ ಎಂದು ಕೇಳುವವರುಂಟು. ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಲು ನಮಗೆ ಮನಸ್ಸಾಗದು. ಕರ್ತೃವನ್ನು ಕಳೆದುಕೊಂಡ ಕಥೆ ಎಷ್ಟೋ ಸಲ ತನ್ನ ಅರ್ಥವನ್ನೂ ಕಳೆದುಕೊಳ್ಳುತ್ತದೆ ಎಂಬುದಕ್ಕೆ ಬ್ಯಾರೋಮೀಟರಿನ ಕಥೆ ಒಳ್ಳೆಯ ನಿದರ್ಶನ.

ಕಥೆಯನ್ನು ಬಲ್ಲವರು ಹಲವರಿದ್ದಾರೆ. ಬ್ಯಾರೋಮೀಟರ್, ಎಂದರೆ ವಾಯುಭಾರಮಾಪಕದ ನೆರವಿನಿಂದ ಎತ್ತರವಾದ ಕಟ್ಟಡವೊಂದರ ಎತ್ತರವನ್ನು ಕಂಡುಹಿಡಿಯುವುದು ಹೇಗೆ ಎಂದು ಭೌತಶಾಸ್ತ್ರದ ಪರೀಕ್ಷೆಯಲ್ಲಿ ಕೇಳಲಾಗುತ್ತದೆ. ಉಪಕರಣಕ್ಕೆ ಉದ್ದನೆಯ ಹಗ್ಗ ಕಟ್ಟಿ ಮಾಳಿಗೆಯಿಂದ ಬೀದಿಗೆ ಇಳಿಬಿಟ್ಟು, ಮೇಲೆಳೆದುಕೊಂಡು, ಹಗ್ಗವನ್ನು ಅಳೆದರೆ ಆಯಿತೆಂದು ವಿದ್ಯಾರ್ಥಿ ಬರೆಯುತ್ತಾನೆ. ಉಪಾಧ್ಯಾಯರು ಸೊನ್ನೆ ಕೊಡಲು ಹೊರಡುತ್ತಾರೆ; ವಿದ್ಯಾರ್ಥಿ ಪೂರ್ಣಾಂಕ ಬೇಕೆನ್ನುತ್ತಾನೆ. ಮಧ್ಯಸ್ಥರೊಬ್ಬರು ಬರುತ್ತಾರೆ. ಭೌತಶಾಸ್ತ್ರದ ತಿಳಿವು ಕಾಣುವಂತೆ ಇನ್ನೊಂದು ಉತ್ತರ ಬರೆಯಲು ಆರು ನಿಮಿಷಗಳ ಅವಕಾಶ ದೊರೆಯುತ್ತದೆ. ಐದು ನಿಮಿಷ ಸುಮ್ಮನೆ ಕುಳಿತಿದ್ದ ಹುಡುಗ, ತನ್ನಲ್ಲಿ ಹಲವು ಉತ್ತರಗಳಿವೆ, ಯಾವುದು ಮೇಲೆಂದು ಯೋಚಿಸುತ್ತಿದ್ದೇನೆ ಎನ್ನುತ್ತಾನೆ. ಕೊನೆಗೆ, ಬ್ಯಾರೋಮೀಟರನ್ನು ಮೇಲಿನಿಂದ ಬೀಳಿಸಿ, ಸ್ಟಾಪ್‌ವಾಚಿನಿಂದ ಕಾಲವನ್ನು ಅಳೆದು ಲೆಕ್ಕಹಾಕಬೇಕೆಂದು ಬರೆಯುತ್ತಾನೆ. ಉಳಿದ ಉತ್ತರಗಳೇನೆಂದು ಮಧ್ಯಸ್ಥರು ಕೇಳಿದಾಗ ನೆರಳು, ಲೋಲಕ, ಮೆಟ್ಟಿಲ ಪಕ್ಕದ ಗೋಡೆಯ ಮೇಲೆ ಬ್ಯಾರೋಮೀಟರಿನ ಉದ್ದಕ್ಕೆ ಗುರುತು ಹಾಕುತ್ತ ಹತ್ತುವುದು ಎಲ್ಲವೂ ಹೊರಬರುತ್ತವೆ. ಕಟ್ಟಕಡೆಗೆ ಒಂದು ಉಪಾಯ: ಕಟ್ಟಡದ ಮೇಲ್ವಿಚಾರಕನ ಬಾಗಿಲು ತಟ್ಟಿ, ‘ಎತ್ತರ ಎಷ್ಟೆಂದು ಹೇಳಿದರೆ ಈ ಚೆಂದದ ಬ್ಯಾರೋಮೀಟರು ನಿಮಗೆ’ ಎನ್ನುವುದು!

ಇಂದು ಹರಿದಾಡುವ ಪಾಠಗಳಲ್ಲಿ ಪರೀಕ್ಷೆ ನಡೆಯುವುದು ಕೋಪನ್‌ಹೇಗನ್ ವಿಶ್ವವಿದ್ಯಾನಿಲಯದಲ್ಲಿ. ಆ ವಿದ್ಯಾರ್ಥಿ ನೀಲ್ಸ್ ಬೋರ್, ಭೌತಶಾಸ್ತ್ರದಲ್ಲಿ ನೊಬೆಲ್ ಪಡೆದ ಏಕೈಕ ಡೆನ್ಮಾರ್ಕಿನವ ಎಂಬಲ್ಲಿಗೆ ಕಥೆ ಮುಗಿಯುತ್ತದೆ. ಇನ್ನೊಂದು ಕವಲಿನಲ್ಲಿ ಕಥೆ ಹೇಳುವವನು ಅರ್ನೆಸ್ಟ್ ರುದರ್‌ಫರ್ಡ್. ಅಲ್ಲಿ ಆತನನ್ನು ರಾಯಲ್ ಅಕಾಡೆಮಿಯ ಅಧ್ಯಕ್ಷನೆಂದೂ ಭೌತಶಾಸ್ತ್ರದ ನೊಬೆಲ್ ಪುರಸ್ಕೃತನೆಂದೂ ಪರಿಚಯಿಸಲಾಗುತ್ತದೆ.

ಹಳೆಯ ಕಾವ್ಯದ ಕರ್ತೃ ಯಾರೆಂದು ನಿರ್ಣಯಿಸುವಾಗ ವಿದ್ವಾಂಸರು ಒಳಗಿನ ಸಾಕ್ಷ್ಯ, ಹೊರಗಿನ ಸಾಕ್ಷ್ಯ ಎಂದು ಎರಡನ್ನು ಪರಿಶೀಲಿಸುತ್ತಾರೆ. ಅದೇ ದಾರಿಯನ್ನು ಇಲ್ಲಿಯೂ ಹಿಡಿಯೋಣ. ಒಳಗಿನ ಸಾಕ್ಷ್ಯವೇ ಬೋರ್‌ನ ಹೆಸರನ್ನು ಅಲ್ಲಗಳೆಯುತ್ತದೆ. ನೀಲ್ಸ್ ಬೋರ್ ನೊಬೆಲ್ ಪಡೆದದ್ದು 1922ರಲ್ಲಿ. ಆತನ ಮಗ ಓಗೆ ಬೋರ್ ಅದೇ ಭೌತಶಾಸ್ತ್ರದ ನೊಬೆಲನ್ನು 1975ರಲ್ಲಿ ಹಂಚಿಕೊಂಡ. ‘ಏಕೈಕ’ ಎಂಬ ಮಾತು ಅಲ್ಲಿಗೆ ಬಿದ್ದುಹೋಯಿತು. ರುದರ್‌ಫರ್ಡ್‌ನಿಗೆ 1908ರಲ್ಲಿ ಸಂದ ನೊಬೆಲ್ ರಸಾಯನಶಾಸ್ತ್ರದ್ದು. ಆತ ಅಧ್ಯಕ್ಷನಾಗಿದ್ದುದು ರಾಯಲ್ ಸೊಸೈಟಿಗೆ. ರಾಯಲ್ ಅಕಾಡೆಮಿ ಚಿತ್ರಕಾರರ, ಶಿಲ್ಪಿಗಳ ಸಂಸ್ಥೆ. ಬೋರ್ ಇಂಗ್ಲೆಂಡಿಗೆ ಹೋಗಿ ರುದರ್‌ಫರ್ಡ್‌ನ ಪರಿಚಯ ಮಾಡಿಕೊಂಡದ್ದು 1911ರಲ್ಲಿ ಡಾಕ್ಟರೇಟ್ ಮುಗಿಸಿದ ನಂತರ. ಆ ಬಳಿಕ ಅವನು ಉತ್ತರಪತ್ರಿಕೆಯ ಅಂಕಕ್ಕಾಗಿ ಜಗಳವಾಡುವ ಹುಡುಗನಾಗಿರಲಿಲ್ಲ.

ಹೊರಗಿನ ಸಾಕ್ಷ್ಯ ಇನ್ನೂ ಗಟ್ಟಿಯಾದದ್ದು. 1968ರ ಡಿಸೆಂಬರ್ 21ರ ‘ಸ್ಯಾಟರ್ಡೇ ರಿವ್ಯೂ’ ಎಂಬ ಅಮೆರಿಕದ ಪತ್ರಿಕೆಯಲ್ಲಿ ‘ಏಂಜೆಲ್ಸ್ ಆನ್ ಎ ಪಿನ್’ ಎಂಬ ಶೀರ್ಷಿಕೆಯಡಿ ಇದೇ ಕಥೆ ಅಚ್ಚಾಗಿದೆ. ಅದಕ್ಕೂ ಮೊದಲು, 1964ರಲ್ಲಿ, ‘ಕರೆಂಟ್ ಸೈನ್ಸ್’ ಎಂಬ ಶಾಲಾ ಪತ್ರಿಕೆಯ ಉಪಾಧ್ಯಾಯರ ಆವೃತ್ತಿಯಲ್ಲಿ ಅದು ಬಂದಿತ್ತು. ಬರೆದವರು ಅಲೆಕ್ಸಾಂಡರ್ ಕಲಾಂಡ್ರ, ಸೇಂಟ್ ಲೂಯಿ ನಗರದ ವಾಷಿಂಗ್‌ಟನ್ ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಅವರ ಬರಹದಲ್ಲಿ ‘ನಾನು’ ಎನ್ನುವವನು ಮಧ್ಯಸ್ಥ. ವಿದ್ಯಾರ್ಥಿಗೆ ಹೆಸರೇ ಇಲ್ಲ.

ಯಾವ ಪಾಠ ಮೂಲ, ಯಾವುದು ಪ್ರಕ್ಷಿಪ್ತ ಎಂಬುದಕ್ಕೆ ಮೂರನೆಯ ಆಧಾರವೂ ಇದೆ. ಎರಡು ಪಾಠಗಳಲ್ಲಿ ಕ್ಲಿಷ್ಟವಾದುದೇ ಹಳೆಯದಾಗಿರುವ ಸಂಭವ ಹೆಚ್ಚೆಂಬುದು ಗ್ರಂಥಸಂಪಾದನೆಯ ಒಂದು ನಿಯಮ. ಪ್ರತಿಕಾರನು ಕಠಿಣವನ್ನು ಸುಲಭಗೊಳಿಸುತ್ತಾನೆಯೇ ಹೊರತು ಸುಲಭವನ್ನು ಕಠಿಣಗೊಳಿಸುವುದಿಲ್ಲ. ಕಲಾಂಡ್ರರ ಕಥೆ ಮೇಲ್ವಿಚಾರಕನ ಬಾಗಿಲಲ್ಲಿ ಮುಗಿಯುವುದಿಲ್ಲ. ವಾಡಿಕೆಯ ಉತ್ತರ ನಿನಗೆ ಗೊತ್ತಿರಲಿಲ್ಲವೇ ಎಂದು ಮಧ್ಯಸ್ಥರು ಕೇಳುತ್ತಾರೆ. ಗೊತ್ತಿತ್ತು ಎಂದು ಹುಡುಗ ಒಪ್ಪುತ್ತಾನೆ. ವಿಷಯದ ಒಳರಚನೆಯನ್ನು ಕಲಿಸುವ ಬದಲು ಹೇಗೆ ಯೋಚಿಸಬೇಕೆಂಬ ‘ವೈಜ್ಞಾನಿಕ ವಿಧಾನ’ವನ್ನು ಹೇರುವ ಉಪಾಧ್ಯಾಯರಿಂದ ತನಗೆ ಸಾಕಾಗಿದೆ ಎನ್ನುತ್ತಾನೆ. ಸ್ಪುಟ್ನಿಕ್‌ನಿಂದ ಗಾಬರಿಗೊಂಡ ಅಮೆರಿಕದ ತರಗತಿಗಳನ್ನು ಅಣಕಿಸಲು ಮಧ್ಯಯುಗದ ಒಣತರ್ಕವನ್ನು ತಮಾಷೆಗೆಂದು ಮತ್ತೆ ಜೀವಂತಗೊಳಿಸಿದೆ ಎನ್ನುತ್ತಾನೆ. ಸೂಜಿಯ ತುದಿಯಲ್ಲಿ ಎಷ್ಟು ದೇವದೂತರು ನಿಲ್ಲಬಲ್ಲರು ಎಂಬುದು ಆ ಒಣತರ್ಕವನ್ನು ಹೀಯಾಳಿಸಲು ಹೇಳುತ್ತ ಬಂದ ಪ್ರಶ್ನೆ. ಶೀರ್ಷಿಕೆಯ ಮರ್ಮವೂ ಅದೇ. ಸೋವಿಯತ್ ಒಕ್ಕೂಟ ಸ್ಪುಟ್ನಿಕ್ಕನ್ನು ಹಾರಿಸಿದ್ದು 1957ರ ಅಕ್ಟೋಬರ್ 4ರಂದು. ಆ ಗಾಬರಿ ಮರೆತ ಮೇಲೆ ಕೊನೆಯ ಸಾಲುಗಳು ಓದುಗರಿಗೆ ಅರ್ಥವಾಗದಾದವು, ಆದುದರಿಂದ ಬಿದ್ದುಹೋದವು. ಬಿದ್ದ ಜಾಗವನ್ನು ತುಂಬಲು ಒಂದು ಮುಕ್ತಾಯ ಬೇಕಾಯಿತು. ಬೋರ್ ಬಂದು ಕುಳಿತ.

ಸಾಹಿತ್ಯದ ದೃಷ್ಟಿಯಿಂದ ನೋಡಿದರೆ, ಅನಾಮಿಕ ತಿದ್ದುಗಾರರ ಕೈಗೂ ಕೌಶಲವಿತ್ತು ಎಂದು ಒಪ್ಪಬೇಕು. ನಗೆ ತುದಿಮುಟ್ಟುವುದು ಮೇಲ್ವಿಚಾರಕನ ಬಾಗಿಲಲ್ಲಿ. ಆ ಬಳಿಕ ಬರುವ ಕಲಾಂಡ್ರರ ವಾದ ಸ್ವಲ್ಪ ಭಾರವಾಗಿಯೇ ಇದೆ. ಆದರೆ ಆ ಭಾರವನ್ನು ಇಳಿಸಿದ್ದರಿಂದ ಕಥೆಯ ದಿಕ್ಕೇ ಬದಲಾಯಿತು. ಕಲಾಂಡ್ರರ ವ್ಯಂಗ್ಯಕ್ಕೆ ಎರಡು ಅಲಗುಗಳು: ಒಂದೇ ಉತ್ತರವನ್ನು ಬಯಸುವ ಉಪಾಧ್ಯಾಯನೂ ಅಲ್ಲಿ ನಗೆಗೀಡು, ಗೊತ್ತಿದ್ದೂ ಬರೆಯದೆ ತರ್ಕದ ಆಟವಾಡುವ ವಿದ್ಯಾರ್ಥಿಯೂ ನಗೆಗೀಡು. ಬೋರ್ ಬಂದ ಪಾಠದಲ್ಲಿ ಒಂದೇ ಅಲಗು ಉಳಿಯಿತು. ಮುಂದೆ ನೊಬೆಲ್ ಪಡೆಯುವವನನ್ನು ಗುರುತಿಸಲಾರದ ಉಪಾಧ್ಯಾಯ ದಡ್ಡ, ಅಷ್ಟೇ. ಹೆಸರಿಲ್ಲದ ಹುಡುಗ ನಮ್ಮ ಯಾವ ಶಾಲೆಯ ಮಗುವಾದರೂ ಆಗಬಹುದಿತ್ತು. ಬೋರ್ ಆದೊಡನೆ ಅವನ ಚೇಷ್ಟೆಯ ಸಮರ್ಥನೆ ಪದಕದಿಂದ ಬಂತು, ಉತ್ತರದಿಂದಲ್ಲ.

ಉತ್ತರಗಳಿಗಾದರೋ ತಮ್ಮದೇ ಬಲವಿದೆ. ನೆಲಮಟ್ಟದಲ್ಲಿ ಸುಮಾರು 11 ಮೀಟರ್ ಮೇಲೇರಿದರೆ ವಾಯುಭಾರ ಪಾದರಸದ ಒಂದು ಮಿಲಿಮೀಟರಿನಷ್ಟು ಇಳಿಯುತ್ತದೆ. 30 ಮೀಟರಿನ ಕಟ್ಟಡಕ್ಕೆ ವ್ಯತ್ಯಾಸ ಮೂರು ಮಿಲಿಮೀಟರೂ ಆಗದು. ಓದುವಾಗ ಅರ್ಧ ಮಿಲಿಮೀಟರ್ ತಪ್ಪಿದರೆ ಎತ್ತರದಲ್ಲಿ ಐದು ಮೀಟರಿಗೂ ಹೆಚ್ಚು ತಪ್ಪುತ್ತದೆ. ಬೀಳಿಸುವ ವಿಧಾನದಲ್ಲಿ ಪತನಕ್ಕೆ ಹಿಡಿಯುವುದು ಸುಮಾರು ಎರಡೂವರೆ ಸೆಕೆಂಡು. ಸೆಕೆಂಡಿನ ಐದನೆಯ ಒಂದು ಭಾಗ ತಪ್ಪಿದರೂ ಐದು ಮೀಟರಿನಷ್ಟೇ ತಪ್ಪು. ನಿಖರತೆಯಲ್ಲಿ ಗೆಲ್ಲುವುದು ಸೊನ್ನೆ ಪಡೆಯಬೇಕಾಗಿದ್ದ ಹಗ್ಗವೇ! ಇದನ್ನು ಅರಿತು ಓದಿದರೆ ನಗೆ ಇನ್ನಷ್ಟು ಆಳಕ್ಕಿಳಿಯುತ್ತದೆ.

ಸಣ್ಣ ಹೆಸರನ್ನು ದೊಡ್ಡ ಹೆಸರು ನುಂಗುವುದು ನಮಗೆ ಹೊಸತೇನಲ್ಲ. ಸರ್ವಜ್ಞನ ಅಂಕಿತ ಹೊತ್ತು ಎಷ್ಟು ಜನರ ತ್ರಿಪದಿಗಳು ನಡೆದಾಡುತ್ತಿವೆಯೋ! ತೆನಾಲಿ ರಾಮಕೃಷ್ಣನ ಹೆಸರಿಗೆ ಸೇರಿದ ಜಾಣಕಥೆಗಳ ಮಾತೂ ಇದೇ. ಗಡಿನಾಡಿನ ನಮ್ಮ ಹತ್ತಿರವೇ ಇನ್ನೂ ಗಂಭೀರವಾದ ಉದಾಹರಣೆಯಿದೆ. ಯಕ್ಷಗಾನ ರಾಮಾಯಣ ಪ್ರಸಂಗಗಳ ಕರ್ತೃ ಕುಂಬಳೆಯ ಪಾರ್ತಿಸುಬ್ಬನೇ ಎಂಬ ವಿಷಯದಲ್ಲಿ ಶಿವರಾಮ ಕಾರಂತರು ಸಂದೇಹವನ್ನು ಮುಂದಿಟ್ಟರು; ಕುಕ್ಕಿಲ ಕೃಷ್ಣ ಭಟ್ಟರು ಪಾರ್ತಿಸುಬ್ಬನ ಪರವಾಗಿ ವಾದಿಸಿದರು. ಆ ಚರ್ಚೆಯಲ್ಲಿ ಯಾರ ಪಕ್ಷ ಹಿಡಿದರೂ ಒಂದು ಮಾತು ನಿಲ್ಲುತ್ತದೆ: ಒಬ್ಬ ಕವಿಯ ಹೆಸರು ನೂರಾರು ರಾತ್ರಿಗಳ ಆಟದ ಹಿಂದೆ ಮರೆಯಾಗಬಾರದೆಂದು ಹಿರಿಯರು ದಣಿದರು. ರಾಜ್ಯದ ಗಡಿಯಾಚೆ ಬರೆಯುವವರ ಹೆಸರು ಬೇಗ ಅಳಿಯುತ್ತದೆ ಎಂಬುದನ್ನು ಬಲ್ಲ ನಾವು, ದೂರದ ಸೇಂಟ್ ಲೂಯಿಯ ಉಪಾಧ್ಯಾಯರೊಬ್ಬರಿಗೆ ಅದೇ ನ್ಯಾಯವನ್ನು ನಿರಾಕರಿಸಲಾಗದು.

ಬ್ಯಾರೋಮೀಟರಿನ ಕಥೆ ಮತ್ತೆ ನಮ್ಮ ಮೊಬೈಲಿಗೆ ಬಂದೇ ಬರುತ್ತದೆ. ಮಕ್ಕಳಿಗೆ ಹೇಳೋಣ, ನಗೋಣ, ಹಂಚೋಣ. ಹಂಚುವ ಮುನ್ನ ಬೋರ್‌ನ ಹೆಸರನ್ನು ಅಳಿಸಿ ಅಲೆಕ್ಸಾಂಡರ್ ಕಲಾಂಡ್ರ ಎಂದು ಬರೆಯೋಣ. ಬಿದ್ದುಹೋದ ಆ ಕೊನೆಯ ಸಾಲುಗಳ ಸಾರವನ್ನೂ ಸೇರಿಸೋಣ. ಆಗ ವಿದ್ಯಾರ್ಥಿ ಮತ್ತೆ ಹೆಸರಿಲ್ಲದವನಾಗುತ್ತಾನೆ, ಬರೆದವರಿಗೆ ಮತ್ತೆ ಹೆಸರು ಬರುತ್ತದೆ. ಎರಡೂ ಇರಬೇಕಾದ ರೀತಿಯೇ ಅದು.