ಪ್ರೀತಿಗೆ ಸರದಿ ಉಂಟೇ?

'ಮನೆಗೆ ಮಾರಿ, ಊರಿಗೆ ಉಪಕಾರಿ' ಎಂಬ ಗಾದೆಯನ್ನು ನೀವು ಬಲ್ಲಿರಿ. ತನ್ನವರನ್ನು ಕಡೆಗಣಿಸಿ ಪರೋಪಕಾರಕ್ಕೆ ಹೊರಟವನನ್ನು ನಮ್ಮ ಹಿರಿಯರು ಹೀಗೆ ಹಂಗಿಸುತ್ತಿದ್ದರು. 2025ರ ಜನವರಿಯ ಕೊನೆಯಲ್ಲಿ ಅಮೆರಿಕದ ಉಪಾಧ್ಯಕ್ಷ ಜೆ. ಡಿ. ವ್ಯಾನ್ಸ್ ಸಂದರ್ಶನವೊಂದರಲ್ಲಿ ಆಡಿದ ಮಾತು ಇದಕ್ಕೆ ಹತ್ತಿರವಾದುದು. ಮೊದಲು ಕುಟುಂಬ, ಅನಂತರ ನೆರೆಹೊರೆ, ಆಮೇಲೆ ಊರು ಮತ್ತು ಸ್ವದೇಶದ ಪ್ರಜೆಗಳು, ಅದಾದ ಮೇಲೆ ಉಳಿದ ಜಗತ್ತು. ಇದೇ ಕ್ರೈಸ್ತ ಪ್ರೀತಿಯ ಕ್ರಮವೆಂದರು ಅವರು. ಟೀಕೆಗಳು ಬಂದಾಗ 'ಓರ್ದೊ ಅಮೋರಿಸ್' ಎಂಬ ಪ್ರಾಚೀನ ಲತೀನ್ ಪದವನ್ನು ಮುಂದಿಟ್ಟರು. ವಲಸಿಗರನ್ನು ಸಾಮೂಹಿಕವಾಗಿ ಗಡೀಪಾರು ಮಾಡುವ ನೀತಿಗೆ ಈ ವಾದ ಬೆಂಬಲವಾಗಿ ನಿಂತಿತು.

ದೂರದ ಈ ವಾಗ್ವಾದ ಕೋಲಾರದ ನಮಗೇಕೆ ಎಂದು ನೀವು ಕೇಳಬಹುದು. ಸಂಬಂಧವಿದೆ. 2025ರ ಮೇ ತಿಂಗಳಲ್ಲಿ ಅಧ್ಯಕ್ಷ ಟ್ರಂಪ್, ಆಪಲ್ ಕಂಪನಿ ಭಾರತದಲ್ಲಿ ಉತ್ಪಾದನೆ ಬೆಳೆಸುವುದು ತಮಗೆ ಬೇಕಿಲ್ಲವೆಂದು ಅದರ ಮುಖ್ಯಸ್ಥ ಟಿಮ್ ಕುಕ್ ಅವರಿಗೆ ತಿಳಿಸಿದುದಾಗಿ ಹೇಳಿದರು. ಆ ಕಂಪನಿಯ ಫೋನುಗಳು ತಯಾರಾಗುವ ನರಸಾಪುರ ನಮ್ಮ ಕೋಲಾರ ತಾಲ್ಲೂಕಿನದೇ. ಅಲ್ಲಿಯ ಪಾಳಿ ಮುಗಿಸಿ ಮನೆಗೆ ಬರುವ ಹೆಣ್ಣುಮಕ್ಕಳ ಸಂಬಳದಿಂದ ಅನೇಕ ಕುಟುಂಬಗಳ ಒಲೆ ಉರಿಯುತ್ತಿದೆ.

ವ್ಯಾನ್ಸ್ ಅವರ ಮಾತನ್ನು ಬರಿಯ ದ್ವೇಷವೆಂದು ತಳ್ಳಿಹಾಕುವ ಉದಾರವಾದಿಗಳಿದ್ದಾರೆ. ಅದು ನ್ಯಾಯವಾದ ವಿಮರ್ಶೆಯಲ್ಲ. ಸ್ವಂತ ಮನೆಯವರನ್ನು ಪೋಷಿಸದವನು ವಿಶ್ವಾಸವನ್ನೇ ನಿರಾಕರಿಸಿದಂತೆ ಎಂಬುದು ತಿಮೊಥೇಯನಿಗೆ ಸಂತ ಪೌಲರು ಬರೆದ ಮೊದಲ ಪತ್ರದ ಬೋಧನೆ. ಕಾರ್ಖಾನೆ ಮುಚ್ಚಿದ ಅಮೆರಿಕದ ಊರುಗಳ ಸಂಕಟವೂ ನಿಜವೇ. 2001ರ ಫೆಬ್ರವರಿಯಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಕೆ.ಜಿ.ಎಫ್.ನವರು ನಸುಕಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ಬರುವುದನ್ನು ಕಂಡ ನಮಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಆ ಪದವನ್ನು ನಮಗೆ ಕೊಟ್ಟ ಪರಂಪರೆ ಹೇಳುವುದೇನು? ಎಲ್ಲರನ್ನೂ ಸಮನಾಗಿ ಪ್ರೀತಿಸಬೇಕು. ಎಲ್ಲರಿಗೂ ನೆರವಾಗುವುದು ಅಸಾಧ್ಯವಾದ್ದರಿಂದ ಸ್ಥಳ, ಕಾಲ, ಸಂದರ್ಭಗಳು ಯಾರನ್ನು ನಿನ್ನ ಹತ್ತಿರಕ್ಕೆ ತಂದಿವೆಯೋ ಅವರನ್ನು ವಿಶೇಷವಾಗಿ ನೋಡಿಕೊ ಎಂಬುದು ಸಂತ ಅಗಸ್ತೀನರ ಉಪದೇಶ. ಅಂದರೆ ಹತ್ತಿರದವನೆಂದರೆ ರಕ್ತಸಂಬಂಧಿಯಷ್ಟೇ ಅಲ್ಲ, ನಿನ್ನ ಕಣ್ಣೆದುರಿಗೆ ಇರುವವನು ಕೂಡ. ಸಂತ ತೋಮಸ್ ಅಕ್ವಿನಾಸರು ಇನ್ನೂ ಮುಂದೆ ಹೋಗಿ, ತಂದೆಗೆ ಅಷ್ಟು ತುರ್ತು ಅಗತ್ಯವಿಲ್ಲದಿದ್ದಾಗ, ಕಡುಕಷ್ಟದಲ್ಲಿರುವ ಅಪರಿಚಿತನಿಗೇ ಮೊದಲು ನೆರವಾಗಬೇಕಾದ ಸಂದರ್ಭಗಳುಂಟು ಎಂದರು. ಪ್ರೀತಿಯ ಕ್ರಮವು ಎಲ್ಲಿಂದ ಆರಂಭಿಸಬೇಕೆಂದು ತೋರಿಸುತ್ತದೆ. ವ್ಯಾನ್ಸ್ ಅವರ ವಾದದಲ್ಲಿ ಅದು ಎಲ್ಲಿ ನಿಲ್ಲಿಸಬಹುದೆಂಬ ಅಪ್ಪಣೆಯಾಗಿದೆ. 2025ರ ಫೆಬ್ರವರಿ 10ರಂದು ಜಗದ್ಗುರು ಫ್ರಾನ್ಸಿಸರು ಅಮೆರಿಕದ ಧರ್ಮಾಧ್ಯಕ್ಷರಿಗೆ ಬರೆದ ಪತ್ರ ಮುಟ್ಟಿದ್ದು ಈ ತಪ್ಪನ್ನೇ. ಪ್ರೀತಿಯ ನಿಜವಾದ ಕ್ರಮವನ್ನು ತಿಳಿಯಲು ದಯಾಳು ಸಮಾರ್ಯನ ಸಾಮತಿಯನ್ನು ಧ್ಯಾನಿಸಿರಿ ಎಂದು ಅವರು ಸೂಚಿಸಿದರು.

ಈಗ ಆ ವಾದವನ್ನು ನಮ್ಮ ನೆಲದಲ್ಲೇ ಒರೆಗೆ ಹಚ್ಚೋಣ. 2025ರ ಜೂನ್ ತಿಂಗಳಲ್ಲಿ ಆಂಧ್ರದ ಚಿತ್ತೂರು ಜಿಲ್ಲಾಡಳಿತವು ಹೊರರಾಜ್ಯದ ತೋತಾಪುರಿ ಮಾವಿಗೆ ತನ್ನ ಗಡಿಯನ್ನು ಮುಚ್ಚಿತು. ತಮ್ಮ ಬೆಳೆಗಾರರಿಗೆ ಬೆಲೆ ಸಿಗಲಿ ಎಂಬುದು ಅವರ ಕಾರಣ. ಅಲ್ಲಿಯ ತಿರುಳು ಕಾರ್ಖಾನೆಗಳನ್ನೇ ನಂಬಿದ್ದ ಶ್ರೀನಿವಾಸಪುರದ ರೈತರು ಕಂಗಾಲಾಗಿ ಬೀದಿಗಿಳಿದರು. ಮುಖ್ಯಮಂತ್ರಿಗಳು ಆಂಧ್ರಕ್ಕೆ ಪತ್ರ ಬರೆದರು. ಕೊನೆಗೆ ಕೇಂದ್ರ ಸರ್ಕಾರವು 2.5 ಲಕ್ಷ ಟನ್ ಮಾವಿಗೆ ಬೆಲೆಯ ಕೊರತೆ ತುಂಬಲು ಒಪ್ಪಿತು. ಗಡಿಯ ಎರಡೂ ಕಡೆ ತೆಲುಗಾಡುವ ನೆಂಟರೇ ಇರುವ ಸೀಮೆ ಅದು. 'ನಮ್ಮವರು ಮೊದಲು' ಎಂಬ ಮಾತು ಬಾಗಿಲಾಚೆ ನಿಂತವನಿಗೆ ಹೇಗೆ ಕೇಳಿಸುತ್ತದೆಂಬುದು ಆ ಬೇಸಿಗೆಯಲ್ಲಿ ನಮಗೆ ತಿಳಿಯಿತು.

ಹಿಂದಿನ ವರ್ಷ ಅದೇ ಮಾತನ್ನಾಡಿದವರು ನಾವು. 2024ರ ಜುಲೈಯಲ್ಲಿ ರಾಜ್ಯ ಸಚಿವ ಸಂಪುಟವು ಖಾಸಗಿ ಉದ್ಯಮಗಳ ಆಡಳಿತ ಹುದ್ದೆಗಳಲ್ಲಿ ಶೇ. 50, ಇತರ ಹುದ್ದೆಗಳಲ್ಲಿ ಶೇ. 70 ಸ್ಥಳೀಯರಿಗೇ ಎಂಬ ಮಸೂದೆಗೆ ಒಪ್ಪಿಗೆಯಿತ್ತು, ಎರಡೇ ದಿನಗಳಲ್ಲಿ ಅದನ್ನು ತಡೆಹಿಡಿಯಿತು. ನಮ್ಮ ಯುವಕರ ನಿರುದ್ಯೋಗ ಸುಳ್ಳಲ್ಲ. ಭೂಮಿ ಬಿಟ್ಟುಕೊಟ್ಟ ಊರಿಗೆ ಕೆಲಸ ಕೇಳುವ ಹಕ್ಕಿದೆ. ಆದರೆ 2020ರ ಡಿಸೆಂಬರ್ 12ರಂದು ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಕಾರ್ಮಿಕರು ಸಿಡಿದೆದ್ದದ್ದು ಹೊರಗಿನವರು ಬಂದರೆಂದಲ್ಲ, ದುಡಿದ ಕೂಲಿ ಸರಿಯಾಗಿ ಕೈಸೇರಲಿಲ್ಲವೆಂದು. ಕೆಲವರಿಗೆ ಸಂಬಳ ಸರಿಯಾಗಿ ಸಂದಿರಲಿಲ್ಲವೆಂದು ಕಂಪನಿಯೇ ಒಪ್ಪಿಕೊಂಡಿತು. ಅಂದು ನಡೆದ ಹಾನಿಯನ್ನು ಯಾರೂ ಮೆಚ್ಚಲಾರರು. ಆದರೂ ಅದರ ಪಾಠ ಸ್ಪಷ್ಟ: ಕೂಲಿಯ ಲೆಕ್ಕವನ್ನು ಕೇಳದೆ ಜೊತೆಗೆ ದುಡಿಯುವ ಪರಊರಿನವನನ್ನು ದೂರಿದರೆ ಅನ್ಯಾಯ ಹಾಗೆಯೇ ಉಳಿಯುತ್ತದೆ. ಅವನನ್ನು ಕಡಿಮೆ ಕೂಲಿಗೆ ದುಡಿಸಿಕೊಳ್ಳಲು ಬಿಟ್ಟಾಗಲೇ ನಮ್ಮವನ ಕೂಲಿಯೂ ಇಳಿಯುತ್ತದೆ.

ಕೋಲಾರದ ಎಲೆನ್ ತೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆಯನ್ನು ನೆನೆಯಿರಿ. ಶತಮಾನಕ್ಕೂ ಹಿಂದೆ ಅಮೆರಿಕದ ಮೆಥೋಡಿಸ್ಟ್ ಮಿಷನರಿಗಳು ಕಟ್ಟಿದ ಆಸ್ಪತ್ರೆಯದು. ಉಳಿದ ಜಗತ್ತಿನ ಸರದಿ ಕೊನೆಗೆ ಬರಲೆಂದು ಅವರು ಕಾದಿದ್ದರೆ ನಮ್ಮ ಅಜ್ಜಿಯರ ಹೆರಿಗೆಗೆ ಯಾರು ಒದಗುತ್ತಿದ್ದರು?

ಆದ್ದರಿಂದ, ಓದುಗರೇ, ಅಮೆರಿಕದ ನಾಯಕರನ್ನು ಟೀಕಿಸಿ ಸುಮ್ಮನಾಗದಿರೋಣ. ಮಾಲೂರಿನ ಕೈಗಾರಿಕಾ ಪ್ರದೇಶದ ಸುತ್ತ ಬಾಡಿಗೆ ಕೋಣೆಗಳಲ್ಲಿ ಒಡಿಶಾ, ಬಿಹಾರಗಳಿಂದ ಬಂದವರು ವಾಸವಾಗಿದ್ದಾರೆ. ಅಗಸ್ತೀನರ ಅಳತೆಯಲ್ಲಿ ಅವರು ನಮಗೆ ಹತ್ತಿರದವರು. ನಿಮ್ಮ ಮನೆಯ ಕೋಣೆಯನ್ನು ಬಾಡಿಗೆಗೆ ಕೊಡುವಾಗ, ಅವರ ಮಗುವಿಗೆ ಜ್ವರ ಬಂದಾಗ, ಅವರ ಕೂಲಿ ತಡೆಹಿಡಿಯಲ್ಪಟ್ಟಾಗ ಪ್ರೀತಿಯ ಕ್ರಮದ ಪ್ರಶ್ನೆ ನಿಮ್ಮೆದುರಿಗೇ ಬರುತ್ತದೆ. ಮುಳಬಾಗಿಲು ಎಂದರೆ ಮೂಡಲ ಬಾಗಿಲು. ಬಾಗಿಲಿಗೆ ಅಗಣಿ ಇರುವುದು ತಪ್ಪಲ್ಲ. ಆದರೆ ತೆರೆಯದ ಬಾಗಿಲನ್ನು ನಾವು ಗೋಡೆ ಎನ್ನುತ್ತೇವೆ.