ಬಾವುಟದ ಕಂಬದ ನೆರಳು

ಈಸೂರಿನ ಹೆಸರು ಕೇಳಿದರೆ ನಮಗೆ ಈಗಲೂ ಮೈ ಬಿಸಿಯಾಗುತ್ತದೆ. 1942ರಲ್ಲಿ ಈ ಊರು ಕಂದಾಯ ಕೊಡೆವೆಂದು ಎದ್ದು ನಿಂತಿತು, ತನ್ನದೇ ಸರ್ಕಾರ ಕಟ್ಟಿ ಇಬ್ಬರು ಹುಡುಗರನ್ನು ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಮಾಡಿ ಕೂರಿಸಿತು. 1943ರ ಮಾರ್ಚ್‌ನಲ್ಲಿ ಊರಿನ ಐವರು ಗಲ್ಲಿಗೇರಿದರು. ಭಾಷಣಗಳಲ್ಲಿ ಇದನ್ನು ಕೇಳಿ ಕೇಳಿ ನಮಗೆ ಬಾಯಿಪಾಠವಾಗಿದೆ. ಆದರೆ ಹುಡುಗರ ಕೈಗೆ ಅಮಲ್ದಾರಿಕೆ ಕೊಟ್ಟ ಈ ತಾಲ್ಲೂಕಿನಲ್ಲೇ ಕಲಿತ ನಮ್ಮ ಕೈಗೆ ಪ್ರೈಮರಿ ಶಾಲೆ ಒಂದು ಕೋಲನ್ನೂ ಕೊಡಲಿಲ್ಲ. ಹೊರಗೆ ನಡೀರಿ, ನಿಮ್ಮ ನೆರಳು ನೀವೇ ಅಳೆಯಿರಿ ಅನ್ನಲಿಲ್ಲ.

ಪದ್ಯವನ್ನು ಓದುವ ಹಾಗೆಯೇ ಪಾಠವನ್ನೂ ಓದಬೇಕು ಗೆಳೆಯರೆ. ಅದರಲ್ಲಿ ಮಾತಾಡುತ್ತಿರುವವರು ಯಾರು, ಎಲ್ಲಿ ನಿಂತು ಮಾತಾಡುತ್ತಿದ್ದಾರೆ, ಯಾರನ್ನು ಬಿಟ್ಟು ಮಾತಾಡುತ್ತಿದ್ದಾರೆ ಎಂದು ಕೇಳಬೇಕು. ಭೂಮಿ, ಸೂರ್ಯ, ಗ್ರಹಗಳ ಪಾಠವನ್ನು ನಾವು ಕಲಿತದ್ದು ಕಿಟಕಿ ಮುಚ್ಚಿದ ಕೋಣೆಯಲ್ಲಿ. ಗ್ರಹ ಒಂಬತ್ತು ಅಂತ ಕೂಗಿ ಹೇಳಿದೆವು. ಪ್ಲೂಟೋವನ್ನು 2006ರಲ್ಲೇ ಗ್ರಹಗಳ ಸಾಲಿನಿಂದ ತೆಗೆದಿದ್ದ ಸುದ್ದಿ ನಮ್ಮ ಬೆಂಚಿಗೆ ಬಂದಿರಲಿಲ್ಲ. ಮೇಷ್ಟ್ರನ್ನು ದೂರುವುದಿಲ್ಲ, ಅವರು ಎರಡು ಕ್ಲಾಸನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಹೆಣಗುತ್ತಿದ್ದರು. ನಮ್ಮ ತಕರಾರು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ ಒಂದು ಮಾತಿನ ಬಗ್ಗೆ: ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ.

ಇದು ಸುಳ್ಳು. ಭೂಮಿ ಇಪ್ಪತ್ಮೂರೂವರೆ ಡಿಗ್ರಿ ವಾಲಿಕೊಂಡು ಸೂರ್ಯನನ್ನು ಸುತ್ತುವುದರಿಂದ ಸೂರ್ಯನ ದಾರಿ ಆರು ತಿಂಗಳು ಉತ್ತರಕ್ಕೆ, ಆರು ತಿಂಗಳು ದಕ್ಷಿಣಕ್ಕೆ ಸರಿಯುತ್ತದೆ. ಈಸೂರು, ಶಿಕಾರಿಪುರದ ಸೀಮೆ ಇರುವುದು ಸುಮಾರು 14.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಇಲ್ಲಿ ಸೂರ್ಯ ಸರಿಯಾಗಿ ನೆತ್ತಿಗೆ ಬರುವುದು ವರ್ಷಕ್ಕೆ ಎರಡೇ ಸಲ, ಏಪ್ರಿಲ್ 28-29ರ ಹೊತ್ತಿಗೊಮ್ಮೆ, ಆಗಸ್ಟ್ 14ರ ಹೊತ್ತಿಗೊಮ್ಮೆ. ಅದೂ ಹನ್ನೆರಡಕ್ಕಲ್ಲ. ನಮ್ಮ ಗಡಿಯಾರ ಮಿರ್ಜಾಪುರದ ಮೇಲೆ ಹಾಯುವ ರೇಖೆಯ ಲೆಕ್ಕದ್ದು, ನಮ್ಮ ಸೂರ್ಯ ಅದಕ್ಕಿಂತ ಅರ್ಧ ಗಂಟೆ ತಡ. ಹನ್ನೆರಡೂವರೆಯ ಆಸುಪಾಸಿನಲ್ಲಿ ನೆಟ್ಟಗೆ ನಿಂತವರ ನೆರಳು ಕಾಲಡಿಗೆ ಸೇರಿಹೋಗುತ್ತದೆ. ದೆಹಲಿಯ ಮಕ್ಕಳಿಗೆ ಈ ನೋಟ ಇಲ್ಲವೇ ಇಲ್ಲ, ಅಲ್ಲಿ ಸೂರ್ಯ ಯಾವತ್ತೂ ನೆತ್ತಿಗೆ ಬರುವುದಿಲ್ಲ.

ಆಗಸ್ಟ್ 14 ಅಂದರೆ ಶಾಲೆಗಳಲ್ಲಿ ಸ್ವಾತಂತ್ರ್ಯ ದಿನದ ತಾಲೀಮು. ನಾವು ಬಿಸಿಲಲ್ಲಿ ಸಾಲಾಗಿ ನಿಂತು ಸೆಲ್ಯೂಟ್ ಹೊಡೆದಿದ್ದೇವೆ. ಎದುರಿಗಿದ್ದ ಬಾವುಟದ ಕಂಬದ ನೆರಳು ಮಾಯವಾಗಿದ್ದನ್ನು ನೋಡು ಅಂತ ನಮಗೆ ಒಬ್ಬರೂ ಹೇಳಲಿಲ್ಲ.

ನೆರಳಿನ ಮಾತು ಬಂದಾಗ ನಮಗೆ ಸುಮ್ಮನಿರಲು ಆಗುವುದಿಲ್ಲ. ಪಾಠದಲ್ಲಿ ನೆರಳು ಅಂದರೆ ಟಾರ್ಚು ಮತ್ತು ಚೆಂಡು. ನಮ್ಮ ಕೇರಿಯಲ್ಲಿ ನೆರಳು ಅಂದರೆ ಬೇರೆ. ದೊಡ್ಡವರ ಅಂಗಳದಲ್ಲಿ ಕೂಲಿ ಕೇಳಲು ನಿಂತಾಗ ತನ್ನ ನೆರಳು ತುಳಸಿಕಟ್ಟೆಯ ಕಡೆ ಬೀಳದ ಹಾಗೆ ನೋಡಿಕೊಳ್ಳುತ್ತಿದ್ದೆ ಅಂತ ಅಜ್ಜಿ ಹೇಳುತ್ತಿದ್ದಳು. ಪೇಶ್ವೆಗಳ ಪುಣೆಯಲ್ಲಿ ಮಧ್ಯಾಹ್ನ ಮೂರರ ಮೇಲೆ, ಬೆಳಗ್ಗೆ ಒಂಬತ್ತರ ಒಳಗೆ ಅಸ್ಪೃಶ್ಯರು ಊರಬಾಗಿಲ ಒಳಗೆ ಇರಕೂಡದೆಂಬ ಕಟ್ಟಳೆ ಇತ್ತೆಂದು ಅಂಬೇಡ್ಕರ್ ಬರೆದಿದ್ದಾರೆ. ಕಾರಣ, ಆ ಹೊತ್ತಿನಲ್ಲಿ ಮೈಯ ನೆರಳು ಉದ್ದ ಬೀಳುತ್ತದೆ. ನೋಡಿ, ಪುರೋಹಿತಶಾಹಿಗೆ ಖಗೋಳ ಚೆನ್ನಾಗಿಯೇ ಗೊತ್ತಿತ್ತು! ಯಾವ ಹೊತ್ತಿಗೆ ಯಾರ ನೆರಳು ಎಷ್ಟುದ್ದ ಎಂಬ ಲೆಕ್ಕವನ್ನು ಅದು ನಮ್ಮ ಮೈಮೇಲೆಯೇ ಮಾಡಿತು.

ವಿಜ್ಞಾನದ ಪಾಠಕ್ಕೆ ಜಾತಿ ಯಾಕ್ರೀ ತರ್ತೀರಿ, ಮಕ್ಕಳ ಮನಸ್ಸು ಕೆಡುತ್ತೆ ಅನ್ನುವ ಗೆಳೆಯರಿದ್ದಾರೆ. ಐದನೇ ಕ್ಲಾಸಿಗೆ ಬರುವಷ್ಟರಲ್ಲಿ ಯಾರ ಮನೆಯ ಹೊಸ್ತಿಲು ದಾಟಬಾರದೆಂದು ನಮಗೆ ಗೊತ್ತಾಗಿತ್ತು. ಗೊತ್ತಿಲ್ಲದೆ ಇದ್ದದ್ದು ನೆರಳು ಬೆಳಕಿನ ಅಡ್ಡಿಯಷ್ಟೇ, ಅದಕ್ಕೆ ಮೈಲಿಗೆ ಅಂಟುವುದಿಲ್ಲ ಎಂಬುದು. ಅದನ್ನು ಹೇಳಬೇಕಾಗಿದ್ದ ಪಾಠ ಟಾರ್ಚು ಹಿಡಿದುಕೊಂಡು ಕೂತಿತು.

ಇನ್ನು ನಮ್ಮ ಕಡೆಯ ತಪ್ಪು. ನಾವು ಬಂಡಾಯದ ಪದ್ಯ ಬರೆಯುವವರು ಸೂರ್ಯನನ್ನು ಎಷ್ಟು ಸಲ ಹುಟ್ಟಿಸಿದ್ದೇವೋ ಲೆಕ್ಕವಿಲ್ಲ. ಸೂರ್ಯ ಅಂದರೆ ಕ್ರಾಂತಿ, ಕತ್ತಲೆ ಅಂದರೆ ಶೋಷಣೆ, ಮುಗಿಯಿತು. ನಿಜವಾದ ಸೂರ್ಯ ನೇರ ಪೂರ್ವದಲ್ಲಿ ಹುಟ್ಟುವುದು ಮಾರ್ಚ್ 21, ಸೆಪ್ಟೆಂಬರ್ 23ರ ಆಸುಪಾಸಿನಲ್ಲಿ ಮಾತ್ರ ಅಂತ ನಮಗೆ ತಿಳಿದದ್ದು ಡಿಗ್ರಿ ಮುಗಿದ ಮೇಲೆ. ನಾಚಿಕೆಯಾಗಬೇಕು. ಆಕಾಶ ನೋಡದೆ ಆಕಾಶದ ಪದ್ಯ ಬರೆದೆವು.

ಹಿಂದಿನವರಲ್ಲಿ ಶಿವರಾಮ ಕಾರಂತರು ದೊಡ್ಡ ಕೆಲಸ ಮಾಡಿದರು. 1936ರಲ್ಲಿ ಮಕ್ಕಳಿಗೆಂದು ಮೂರು ಸಂಪುಟಗಳ ‘ಬಾಲ ಪ್ರಪಂಚ’ ತಂದರು. ಅದಕ್ಕೆ ಮೂರು ವರ್ಷ ಮೊದಲು ತುಂಡು ಭೂಮಿಗಾಗಿ ಹಂಬಲಿಸಿ ಸತ್ತ ಚೋಮನ ಕಥೆ ಬರೆದವರೂ ಅವರೇ. ಒಂದೇ ಕೈಯ ಈ ಎರಡು ಪುಸ್ತಕಗಳನ್ನು ನಮ್ಮ ಶಾಲೆ ಒಂದೇ ಮೇಜಿನ ಮೇಲೆ ಇಡಲಿಲ್ಲ. ಭೂಗೋಳದ ಪಿರಿಯಡ್ಡಿನ ಭೂಮಿಯೇ ಬೇರೆ, ಚೋಮ ಕೇಳಿದ ಭೂಮಿಯೇ ಬೇರೆ ಅಂದುಕೊಂಡೇ ನಾವು ಪರೀಕ್ಷೆ ಪಾಸಾದೆವು.

ಹಳ್ಳಿಯ ಮೇಷ್ಟ್ರುಗಳಿಗೆ ನಮ್ಮದೊಂದು ಕೋರಿಕೆ. ಆಗಸ್ಟ್ 14ರಂದು ತಾಲೀಮನ್ನು ಸ್ವಲ್ಪ ಹೊತ್ತು ನಿಲ್ಲಿಸಿ. ಹನ್ನೆರಡೂ ಇಪ್ಪತ್ತರಿಂದ ಮಕ್ಕಳೇ ಬಾವುಟದ ಕಂಬದ ಬುಡದಲ್ಲಿ ಸೀಮೆಸುಣ್ಣದ ಗೆರೆ ಎಳೆಯಲಿ. ಕೇರಿಯ ಹುಡುಗಿ, ಪಟೇಲರ ಮೊಮ್ಮಗ ಒಟ್ಟಿಗೆ ನಿಂತು ತಮ್ಮ ತಮ್ಮ ನೆರಳು ಹುಡುಕಲಿ. ಮಳೆಗಾಲ, ಮೋಡ ಕವಿದಿರಬಹುದು. ಹಾಗಾದರೆ ಏಪ್ರಿಲ್ ಕೊನೆಯವರೆಗೆ ಕಾಯಬೇಕು. ಆಗ ಶಾಲೆಗೆ ಬೇಸಿಗೆ ರಜೆ. ಕೇರಿಯ ಬಯಲಿಗೆ ರಜೆ ಇಲ್ಲ, ಕೋಲು ನಾವು ತರುತ್ತೇವೆ.