ಲಂಟಾನದ ಆನೆ, ಸೋಲಿಗರ ಬೆಂಕಿ

2024ರ ಆರಂಭದಲ್ಲಿ ಬೆಂಗಳೂರಿನ ಲಾಲ್‌ಬಾಗಿನಲ್ಲಿ ಆನೆಗಳ ಹಿಂಡೊಂದು ನಿಂತಿತ್ತು. ಜೀವದಾನೆಯಷ್ಟೇ ಎತ್ತರ. ಮೈಯೆಲ್ಲ ಲಂಟಾನದ ಕಡ್ಡಿ. ಜನ ಹಿಂಡಿನ ನಡುವೆ ಓಡಾಡಿದರು, ಮಕ್ಕಳನ್ನು ನಿಲ್ಲಿಸಿ ಫೋಟೊ ತೆಗೆದರು. ಅದೇ ವರ್ಷ ಜುಲೈನಲ್ಲಿ ಇಂಥ ನೂರು ಆನೆಗಳು ಅಮೆರಿಕದ ನ್ಯೂಪೋರ್ಟ್‌ನಿಂದ ಯಾತ್ರೆ ಹೊರಟು ನ್ಯೂಯಾರ್ಕ್, ಮಯಾಮಿ ಕಂಡವು. ಕಟ್ಟಿದವರು ನೀಲಗಿರಿ ಸೀಮೆಯ ಬೆಟ್ಟಕುರುಬ, ಪಣಿಯ, ಕಾಟುನಾಯಕ, ಸೋಲಿಗ ಜನ.

ಕೊಳ್ಳೇಗಾಲ, ಹನೂರು, ಯಳಂದೂರಿನ ನಮಗೆ ಈ ಕಡ್ಡಿ ಹೊಸದಲ್ಲ, ಈ ಕೈಗಳೂ ಹೊಸವಲ್ಲ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಲಂಟಾನದಲ್ಲಿ ಕುರ್ಚಿ, ಬುಟ್ಟಿ ಮಾಡುವುದನ್ನು ಕಲಿತು ಎಷ್ಟೋ ವರ್ಷವಾಯಿತು. ಆದ್ದರಿಂದ ಈ ಕಲೆಯ ಬಗ್ಗೆ ಮಾತಾಡುವ ಹಕ್ಕು ನಮಗೂ ಇದೆ.

ಒಪ್ಪಬೇಕಾದ್ದನ್ನು ಮೊದಲು ಒಪ್ಪೋಣ. ಈ ಆನೆಗಳು ಚೆನ್ನಾಗಿವೆ. ಕಡ್ಡಿ ಬೇಯಿಸಿ, ಸಿಪ್ಪೆ ಸುಲಿದು, ಕಬ್ಬಿಣದ ಸರಳಿನ ಮೇಲೆ ಬಗ್ಗಿಸಿ ಕಟ್ಟುತ್ತಾರೆ. ಕಿವಿಯ ಮಡಿಕೆ, ಬೆನ್ನಿನ ಇಳಿಜಾರು ಆನೆಯ ಜೊತೆ ಬದುಕಿದವರ ಕೈಗೆ ಬರೋ ಹಾಗೆ ಬೇರೆಯವರಿಗೆ ಬರಲ್ಲ. ಕೂಲಿ ಸಿಕ್ಕಿದೆ. ಕಾಡಿನಿಂದ ಒಂದಿಷ್ಟು ಕಳೆಯೂ ಹೋಗಿದೆ. ಇದನ್ನು ಹೀಗಳೆಯುವವರು ನಮ್ಮವರಲ್ಲ.

ನಮ್ಮ ಪ್ರಶ್ನೆ ಬೇರೆ. ಈ ಕಡ್ಡಿ ಇಷ್ಟೊಂದು ಬೆಳೆದದ್ದು ಹೇಗೆ?

ಅಂದದ ಹೂವಿನ ಗಿಡವೆಂದು ಬ್ರಿಟಿಷರು ತಂದರು. ಈ ಅರ್ಧ ಕಥೆ ಎಲ್ಲರಿಗೂ ಗೊತ್ತು. ಉಳಿದರ್ಧವನ್ನು ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಸೋಲಿಗ ಹಿರಿಯರು ಹೇಳುತ್ತಾರೆ. ಬೇಸಿಗೆ ಬಲಿಯುವ ಮೊದಲೇ ಅವರು ತರಗು ಬೆಂಕಿ ಹಾಕುತ್ತಿದ್ದರು. ಒಣಗಿದೆಲೆ ಮಾತ್ರ ಉರಿಯುವ ಸಣ್ಣ ಬೆಂಕಿ. ಅದರಲ್ಲಿ ಲಂಟಾನದ ಎಳೆ ಸಸಿ ಸುಡುತ್ತಿತ್ತು, ನೆಲ್ಲಿ ಮರದ ಬಂದಳಿಕೆಯೂ ಹತೋಟಿಯಲ್ಲಿರುತ್ತಿತ್ತು. 1972ರ ವನ್ಯಜೀವಿ ಕಾಯ್ದೆ ಬಂತು, 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. ಪೋಡುಗಳನ್ನು ಎಬ್ಬಿಸಿದರು. ಬೆಂಕಿ ಹಾಕುವುದು ಅಪರಾಧವಾಯಿತು. ಆಮೇಲೆ ಏನಾಯ್ತು? ಅಲ್ಲಿ ಸಂಶೋಧಕರು ಗುರುತಿಸಿಟ್ಟ ತಾಕುಗಳಲ್ಲಿ 1997ರಲ್ಲಿ ನೂರಕ್ಕೆ 41ರಲ್ಲಿದ್ದ ಲಂಟಾನ 2008ಕ್ಕೆ 81ರಲ್ಲಿತ್ತು. ಬೆಂಕಿಯೇ ಲಂಟಾನವನ್ನು ಬೆಳೆಸುತ್ತದೆ ಎನ್ನುವ ವಿಜ್ಞಾನಿಗಳೂ ಇದ್ದಾರೆ. ವಾದ ನಡೆಯಲಿ. ಆದರೆ ಆ ವಾದದಲ್ಲಿ ಸೋಲಿಗರಿಗೆ ಸಾಕ್ಷಿಯ ಜಾಗವೂ ಇರಲಿಲ್ಲ, ಆರೋಪಿಯ ಜಾಗ ಮಾತ್ರ ಇತ್ತು.

2011ರಲ್ಲಿ ಬೆಟ್ಟ ಹುಲಿ ಮೀಸಲಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿತು. ಜೇನು, ನೆಲ್ಲಿ, ಪಾಸೆ ಆಯುವ ಹಕ್ಕು ಬಂತು. ಬೆಂಕಿ ಹಾಕುವ ಹಕ್ಕು ಬರಲಿಲ್ಲ. ಕಾಡು ನೋಡಿಕೊಳ್ಳುವ ಅವರ ವಿದ್ಯೆಯನ್ನು ಕಿತ್ತುಕೊಂಡು, ಅದರಿಂದ ಬೆಳೆದ ಕಳೆಯನ್ನು ಅವರ ಕೈಗೇ ಕೊಟ್ಟು, ಅವರು ಕಟ್ಟಿದ ಆನೆಯ ಪಕ್ಕ ನಿಂತು 'ಸಹಬಾಳ್ವೆ' ಅಂತೀವಿ. ಈ ಪಾಠ ಯಾರಿಗೆ? ಆನೆಯ ಜೊತೆ ಬಾಳಿದವರಿಗೋ, ನಗರದಲ್ಲಿ ಟಿಕೆಟ್ ಕೊಂಡು ಗಿಡ ನೋಡೋರಿಗೋ?

ಇನ್ನು ಕಲೆಯ ಮಾತು. ಬಿಳಿಗಿರಿರಂಗನಿಗೆ ಬೂದಿತಿಟ್ಟಿನ ನಮ್ಮ ಜನ ಎರಡು ವರ್ಷಕ್ಕೊಮ್ಮೆ ಭಾರಿ ಚರ್ಮದ ಚಪ್ಪಲಿ ಮಾಡಿ ಒಪ್ಪಿಸುತ್ತಾರೆ. ದೇವರು ಅದನ್ನು ಮೆಟ್ಟಿ ಕಾಡು ಸುತ್ತುತ್ತಾನಂತೆ. ಅದಕ್ಕೆ ಸೇವೆ ಅಂತ ಹೆಸರು, ಕಲೆ ಅಂತಲ್ಲ. ಸೋಲಿಗರ ರೊಟ್ಟಿ ಹಬ್ಬದಲ್ಲಿ ಹೊಸ ರಾಗಿಯ ರೊಟ್ಟಿ ಎಡೆಯಿಟ್ಟು, ಬೆಂಕಿಯ ಸುತ್ತ ರಾತ್ರಿಯಿಡೀ ಹಾಡಿ ಕುಣಿಯುತ್ತಾರೆ. ಅಲ್ಲಿ ನೋಡುಗರೇ ಇಲ್ಲ, ಎಲ್ಲರೂ ಒಳಗಿನವರು. ಅದಕ್ಕೆ ಆಚರಣೆ ಅಂತ ಹೆಸರು. ಅದೇ ಕೈ ನಗರದ ತೋಟಕ್ಕೆ ಬಂದಾಗ ಮಾತ್ರ ಕಲೆ. ಹೆಸರಿಡುವ ಅಧಿಕಾರ ಯಾರ ಕೈಲಿದೆ ಎಂಬುದನ್ನು ಬಿಟ್ಟು ಸೌಂದರ್ಯದ ಚರ್ಚೆ ಮಾಡಲು ನಾವು ತಯಾರಿಲ್ಲ.

ಮೈಸೂರು ದಸರೆಯ ಫಲಪುಷ್ಪ ಪ್ರದರ್ಶನಕ್ಕೋ ಲಾಲ್‌ಬಾಗಿಗೋ ಮಕ್ಕಳನ್ನು ಕರೆದೊಯ್ಯುವ ಮೇಷ್ಟ್ರುಗಳೇ, ಮಕ್ಕಳು ಕಣ್ತುಂಬ ನೋಡಲಿ. ನೋಡಿದ ಮೇಲೆ ಮೂರು ಪ್ರಶ್ನೆ ಕೇಳುವುದನ್ನೂ ಕಲಿಸಿ: ಇದನ್ನು ಕಟ್ಟಿದವರ ಹೆಸರೇನು? ಅವರಿಗೆ ಸಿಕ್ಕಿದ್ದೆಷ್ಟು? ಅವರ ಕಾಡಲ್ಲಿ ಇವತ್ತು ಅವರ ಮಾತು ನಡೆಯುತ್ತಾ? ಉತ್ತರ ಹೇಳಲು ಯಾರೂ ಇಲ್ಲದಿದ್ದರೆ ಸೋಲಿಗರ ಪೋಡಿಗೇ ಕರೆದುಕೊಂಡು ಹೋಗಿ. ಯಳಂದೂರಿನಿಂದ ಬೆಟ್ಟಕ್ಕೆ ಬಸ್ಸಿದೆ.